ಬಿದ್ದ ಫ್ರೇಮು ಎಲ್ಲಿ ಬಿತ್ತು?

ಮಾಮೂಲ್‌ಪೇಟೆ ಹಗಲಿನಲ್ಲಿ ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಬಳೆ, ಬಲೂನು, ಜರಿ ಕಾಗದ, ಗೊಂಬೆ, ಅಲಂಕಾರದ ಸಾಮಾನು, ಎಲ್ಲವೂ ಸಗಟು. ತಲೆಯ ಮೇಲೆ ಮೂಟೆ ಹೊತ್ತವರು ‘ಸೈಡ್, ಸೈಡ್’ ಅಂತ ಕೂಗಿಕೊಂಡು ನುಗ್ಗುತ್ತಾರೆ, ನಾವು ಗೋಡೆಗೆ ಒತ್ತಿಕೊಂಡು ನಿಲ್ಲುತ್ತೇವೆ. ರಾತ್ರಿ ಷಟರುಗಳು ಇಳಿದ ಮೇಲೆ ಪೇಟೆಯ ಬೀದಿ ಸುಮ್ಮನಾಗುತ್ತದೆ. ಆದರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸಂಸಾರ ಇರುವ ಮನೆಗಳಲ್ಲಿ ಕೆಲವು ಕಡೆ ಆಗ ಇನ್ನೊಂದು ಕೆಲಸ ಶುರುವಾಗುತ್ತದೆ. ಮನೆಯ ಹುಡುಗನೋ ಹುಡುಗಿಯೋ ಲ್ಯಾಪ್‌ಟಾಪ್ ಬಿಚ್ಚಿ, ಹೆಡ್‌ಫೋನ್ ಏರಿಸಿ, ‘ಗುರು, ಎಲ್ರಿಗೂ ವಾಯ್ಸ್ ಕೇಳಿಸ್ತಿದ್ಯಾ?’ ಅಂತ ಕೇಳಿಕೊಂಡು ಲೈವ್‌ಗೆ ಕೂರುತ್ತಾರೆ. ಆಟ ವ್ಯಾಲರಂಟ್ ಇರಬಹುದು, ಕೌಂಟರ್ ಸ್ಟ್ರೈಕ್ ಇರಬಹುದು, ಜಿಟಿಎ ಇರಬಹುದು. ಆಡುವುದರ ಜೊತೆಗೆ ಅಪ್ಪಟ ಕನ್ನಡದಲ್ಲಿ ಮಾತು, ತಮಾಷೆ, ಬೈಗುಳ ಕೂಡ. ದೊಡ್ಡವರು ಇದನ್ನು ಹಾಳು ಹವ್ಯಾಸ ಅನ್ನಬಹುದು. ನನಗೆ ಇದು ನೇರ ಪ್ರಸಾರ. ಬಾನುಲಿಯಲ್ಲಿ ಮಾತಾಡುವ ಯಾರಿಗೇ ಆದರೂ ಇದರ ಕಷ್ಟ ಚೆನ್ನಾಗಿ ಗೊತ್ತಾಗುತ್ತದೆ.

ಕಷ್ಟ ಏನೆಂದರೆ, ಚೆನ್ನಾಗಿ ಸಾಗುತ್ತಿದ್ದ ಚಿತ್ರ ಇದ್ದಕ್ಕಿದ್ದಂತೆ ಎಡವುತ್ತದೆ. ನೋಡುವವರು ಕೆಳಗೆ ಬರೆಯುತ್ತಾರೆ: ‘ಲ್ಯಾಗ್ ಆಗ್ತಿದೆ ಅಣ್ಣ’, ‘ಫ್ರೇಮ್ ಡ್ರಾಪ್ ಬ್ರೋ’. ಮಾರನೆಯ ದಿನ ಆ ಹುಡುಗ ಮನೆಯಿಂದ ನಡೆದು ಹೋಗುವಷ್ಟು ದೂರದ ಎಸ್.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಹೊರಡುತ್ತಾನೆ. ಅಲ್ಲಿನ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

‘ಅಣ್ಣ, ಲೈವ್ ಮಾಡ್ವಾಗ ಎಫ್‌ಪಿಎಸ್ ಬೀಳ್ತಿದೆ.’

‘ರ್‍ಯಾಮ್ ಎಷ್ಟಿದೆ?’

‘ಎಂಟು ಜಿಬಿ.’

‘ಇನ್ನೊಂದೆಂಟು ಹಾಕ್ಸ್ಬಿಡಪ್ಪ, ಸರಿಹೋಗುತ್ತೆ.’

ಅಂಗಡಿಯವರು ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಕೆಲವು ಸಲ ಅದರಿಂದ ನಿಜವಾಗಿ ಸರಿಹೋಗುತ್ತದೆ, ಯಾವಾಗ ಅನ್ನುವುದನ್ನು ಮುಂದೆ ಹೇಳುತ್ತೇನೆ. ಆದರೆ ಫ್ರೇಮು ಎಲ್ಲಿ ಬಿತ್ತು ಅಂತ ನೋಡದೆ ದುಡ್ಡು ಬಿಚ್ಚಿದರೆ, ಆ ದುಡ್ಡು ಫ್ರೇಮು ಬಿದ್ದ ಜಾಗಕ್ಕೇ ಹೋಗಿ ಸೇರುತ್ತದೆ ಅನ್ನುವ ಭರವಸೆ ಇಲ್ಲ.

ಮೊದಲು ಫ್ರೇಮು ಅಂದರೇನು ನೋಡೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಮಾಮೂಲ್‌ಪೇಟೆಗೆ ಹತ್ತಿರದ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಮಾತು ಬಂದ ಮೇಲಿನ ಸಿನಿಮಾ ಸೆಕೆಂಡಿಗೆ 24 ನಿಂತ ಚಿತ್ರಗಳ ಓಟ. ಆ ಒಂದೊಂದು ನಿಂತ ಚಿತ್ರವೇ ಫ್ರೇಮು, ಸೆಕೆಂಡಿಗೆ ಎಷ್ಟು ಅನ್ನುವುದೇ ಎಫ್‌ಪಿಎಸ್. ನಮ್ಮ ಟಿವಿಯಲ್ಲಿ ಅದು 25 ಆಯಿತು, ಏಕೆಂದರೆ ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುವಂಥದ್ದು, ಅದಕ್ಕೆ ಹೊಂದಿಕೊಳ್ಳಬೇಕಿತ್ತು. ಕಂಪ್ಯೂಟರ್ ಆಟ 60 ಕೇಳುತ್ತದೆ. ಸಿನಿಮಾದ ಚಿತ್ರಗಳು ರೀಲಿನಲ್ಲಿ ಮೊದಲೇ ತಯಾರಾಗಿ ಕುಳಿತಿರುತ್ತವೆ. ಆಟದ ಚಿತ್ರ ಹಾಗಲ್ಲ. ನೀವು ಮೌಸ್ ಎತ್ತ ಎಳೆಯುತ್ತೀರೋ ಅದಕ್ಕೆ ತಕ್ಕಂತೆ ಒಂದೊಂದನ್ನೂ ಆ ಕ್ಷಣಕ್ಕೆ ಬರೆಯಬೇಕು. ಸೆಕೆಂಡಿಗೆ 60 ಎಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಲೈವ್ ಮಾಡುವಾಗ ಅದೇ ಯಂತ್ರ ಚಿತ್ರ ಬರೆಯುವುದರ ಜೊತೆಗೆ ಅದನ್ನು ಕುಗ್ಗಿಸಿ ಊರಿಗೆಲ್ಲ ಕಳಿಸಲೂಬೇಕು.

ಇಲ್ಲಿ ಮಾಮೂಲ್‌ಪೇಟೆಯ ಅಂಗಡಿಯೇ ಅರ್ಥ ಮಾಡಿಸುತ್ತದೆ. ಹೊರ ಊರಿನ ಗಿರಾಕಿಗೆ ಸರಕು ಹೋಗಬೇಕಾದರೆ ಮೂರು ಕೆಲಸ. ಒಳಗೆ ಒಬ್ಬ ಸರಕು ಜೋಡಿಸುತ್ತಾನೆ. ಇನ್ನೊಬ್ಬ ಅದನ್ನು ಪ್ಯಾಕ್ ಮಾಡಿ ದಾರ ಬಿಗಿಯುತ್ತಾನೆ. ಮೂರನೆಯವನು ಗಲ್ಲಿಯಲ್ಲಿ ಹೊತ್ತುಕೊಂಡು ಹೋಗಿ ಲಾರಿ ಆಫೀಸಿಗೆ ಮುಟ್ಟಿಸುತ್ತಾನೆ. ಗಿರಾಕಿಗೆ ಮಾಲು ತಲುಪಲಿಲ್ಲ ಅಂದರೆ ಮೂವರಲ್ಲಿ ಯಾರ ಹತ್ತಿರ ನಿಂತಿದೆ ಅಂತ ಮೊದಲು ನೋಡಬೇಕು. ಹೊರುವವನು ಗಲ್ಲಿಯಲ್ಲಿ ಸಿಕ್ಕಿಕೊಂಡಿರುವಾಗ ಪ್ಯಾಕ್ ಮಾಡುವವನಿಗೆ ಬೈದು ಪ್ರಯೋಜನವೇನು?

ಲೈವ್ ಮಾಡುವವರಲ್ಲಿ ಬಹಳ ಜನ ಬಳಸುವ ಓಬಿಎಸ್ ಎಂಬ ಉಚಿತ ತಂತ್ರಾಂಶ ಈ ಮೂರರ ಲೆಕ್ಕವನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಅದರಲ್ಲಿ ಸ್ಟ್ಯಾಟ್ಸ್ ಎಂಬ ಕಿಟಕಿ ಇದೆ, ಅದನ್ನು ತೆರೆದಿಟ್ಟುಕೊಳ್ಳಿ. ಒಂದು ಸಾಲಿನಲ್ಲಿ ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮುಗಳ ಲೆಕ್ಕ, ಅದು ಜೋಡಿಸುವವನದು. ಇನ್ನೊಂದರಲ್ಲಿ ಎನ್ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದವು, ಅದು ಪ್ಯಾಕ್ ಮಾಡುವವನದು. ಮತ್ತೊಂದರಲ್ಲಿ ನೆಟ್‌ವರ್ಕ್‌ನಲ್ಲಿ ಬಿದ್ದವು, ಅದು ಹೊರುವವನದು. ಮೂರರಲ್ಲಿ ಯಾವ ಅಂಕಿ ಏರುತ್ತಿದೆಯೋ ರೋಗ ಅಲ್ಲಿದೆ. ಮೂರೂ ಸೊನ್ನೆ ಇದ್ದು ಚಿತ್ರ ಎಡವುತ್ತಿದ್ದರೆ ಹೆಚ್ಚಾಗಿ ಆಟವೇ ಎಡವುತ್ತಿರುತ್ತದೆ, ಲೈವ್‌ನ ತಪ್ಪಲ್ಲ.

ಅಂಕಿಯ ಜೊತೆಗೆ ಗಡಿಯಾರವನ್ನೂ ನೋಡಿ. ಲೈವ್ ಶುರುವಾದ ಮೊದಲ ನಿಮಿಷದಿಂದಲೇ ಎಡವುತ್ತಿದ್ದರೆ ತಪ್ಪು ಹೆಚ್ಚಾಗಿ ಸೆಟ್ಟಿಂಗ್‌ನದು. ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ಮುಗ್ಗರಿಸಲು ಶುರುವಾದರೆ ಮೊದಲ ಗುಮಾನಿ ಬಿಸಿಯ ಮೇಲೆ. ಲ್ಯಾಪ್‌ಟಾಪ್‌ನಲ್ಲಿ ನಾನು ಬಿಸಿಯನ್ನು ಎಲ್ಲಕ್ಕಿಂತ ಮೊದಲು ಹಿಡಿಯುತ್ತೇನೆ.

ಕಾರಣ ಹೀಗೆ. ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರಿಗೆ ಒಂದು ಫ್ಯಾನು, ಗ್ರಾಫಿಕ್ಸ್ ಕಾರ್ಡಿಗೆ ಅದರದೇ ಫ್ಯಾನುಗಳು, ಸುತ್ತ ಗಾಳಿಯಾಡಲು ಜಾಗ. ಲ್ಯಾಪ್‌ಟಾಪ್‌ನಲ್ಲಿ ಎರಡು ಬೆರಳ ದಪ್ಪದೊಳಗೆ ಎಲ್ಲ ಅಡಗಬೇಕು. ಬಹಳಷ್ಟು ಮಾದರಿಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಂಡಿರುತ್ತವೆ. ಒಂದು ಕಾದರೆ ಇನ್ನೊಂದಕ್ಕೂ ತಟ್ಟುತ್ತದೆ. ಪ್ರೊಸೆಸರ್ ನೂರು ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದು ಯಂತ್ರ ಕೆಟ್ಟ ಲಕ್ಷಣವಲ್ಲ, ಕೆಡಬಾರದು ಅಂತ ಮಾಡಿರುವ ಏರ್ಪಾಡು. ನಿಮ್ಮ ಫ್ರೇಮು ಬೀಳುವುದು ಆ ಗಳಿಗೆಯಲ್ಲಿ.

ಬೆಂಗಳೂರು ತಂಪು ಊರು ಅನ್ನುವ ಹೆಮ್ಮೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಜೊತೆಗೆ ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡಾ 8ರಿಂದ 9ರಷ್ಟು ತೆಳು. ಫ್ಯಾನು ಅಷ್ಟೇ ವೇಗದಲ್ಲಿ ತಿರುಗಿದರೂ ಹೊರಗೆ ಹಾಕುವ ಬಿಸಿ ಅಷ್ಟರಮಟ್ಟಿಗೆ ಕಡಿಮೆ. ಇದೊಂದೇ ಕಾರಣಕ್ಕೆ ಫ್ರೇಮು ಬೀಳುವುದಿಲ್ಲ, ಆದರೆ ಮೊದಲೇ ಅಂಚಿನಲ್ಲಿರುವ ಲ್ಯಾಪ್‌ಟಾಪ್‌ಗೆ ಇದೂ ಒಂದು ಹೊರೆ. ಇನ್ನು ಪೇಟೆಯ ದೂಳು. ಮಾಮೂಲ್‌ಪೇಟೆಯಲ್ಲಿ ದೂಳಿನ ಜೊತೆ ಜರಿ ಪುಡಿ, ಹತ್ತಿಯ ಎಳೆ, ಪ್ಯಾಕಿಂಗ್ ರಟ್ಟಿನ ನವಿರು ಚೂರು ಎಲ್ಲ ಹಾರಾಡುತ್ತವೆ. ಫ್ಯಾನು ಅದನ್ನೆಲ್ಲ ಒಳಕ್ಕೆ ಎಳೆದುಕೊಂಡು, ಗಾಳಿ ಹೊರಹೋಗುವ ಸಣ್ಣ ಜಾಲರಿಯ ಹಿಂದೆ ಕಂಬಳಿಯ ಹಾಗೆ ಪದರ ಕಟ್ಟಿಸುತ್ತದೆ. ಎರಡು ವರ್ಷ ಬಿಚ್ಚದ ಲ್ಯಾಪ್‌ಟಾಪ್‌ನ ಹಿಂಬದಿ ತೆಗೆದು ನೋಡಿದರೆ ಮನೆಯವರು ಮೂಗು ಮುಚ್ಚಿಕೊಳ್ಳಬೇಕು.

ಆದ್ದರಿಂದ ಎಸ್.ಪಿ. ರೋಡಿಗೆ ಹೋಗಲೇಬೇಕೆಂದಿದ್ದರೆ ಮೊದಲ ಸಲ ಕ್ಲೀನಿಂಗ್‌ಗೆ ಹೋಗಿ. ವಾರಂಟಿ ಇನ್ನೂ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ, ಹೊರಗೆ ಬಿಚ್ಚಿಸಬೇಡಿ. ರಿಪೇರಿಯವರ ಎದುರೇ ನಿಂತುಕೊಳ್ಳಿ. ಬ್ಯಾಟರಿ ಕನೆಕ್ಷನ್ ಮೊದಲು ತೆಗೆಯಬೇಕು. ಗಾಳಿ ಊದುವಾಗ ಫ್ಯಾನಿನ ಎಲೆಗಳು ಸುತ್ತದಂತೆ ಬೆರಳಿಂದ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಬೇರಿಂಗ್ ಹಾಳು. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಪೂರ್ತಿ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ಈ ಕೆಲಸದಲ್ಲಿ ಪಳಗಿದ ಕೈಗಳು ಆ ರಸ್ತೆಯಲ್ಲಿ ಬಹಳ ಇವೆ.

ಮನೆಯಲ್ಲಿ ದುಡ್ಡಿಲ್ಲದೆ ಮಾಡುವುದೂ ಇದೆ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಡಬೇಡಿ. ಗಾಳಿ ಎಳೆದುಕೊಳ್ಳುವ ಬಾಯಿ ಅಡಿಯಲ್ಲಿದೆ. ಹಿಂಬದಿಯನ್ನು ಎರಡು ಹಳೆಯ ಪುಸ್ತಕಗಳ ಮೇಲೆ ಎತ್ತಿಡಿ. ಆಟದ ಒಳಗೆ ಫ್ರೇಮ್ ಮಿತಿ ಅಂತ ಇರುತ್ತದೆ, ಅದನ್ನು 60ಕ್ಕೆ ನಿಲ್ಲಿಸಿ. ನೋಡುವವರಿಗೆ ಹೋಗುವುದು ಹೆಚ್ಚೆಂದರೆ ಅರವತ್ತೇ ಆಗಿರುವಾಗ, ಯಂತ್ರ 130 ಚಿತ್ರ ಬರೆದು ಬಿಸಿಯಾಗುವುದರಿಂದ ಯಾರಿಗೆ ಲಾಭ? ಆಟದಲ್ಲಿ ಎದುರಾಳಿಗಿಂತ ಒಂದು ಕೂದಲೆಳೆ ಮೊದಲು ಗುಂಡು ಹಾರಿಸಬೇಕು ಅನ್ನುವವರಿಗೆ ಲಾಭ ಇದೆ, ಒಪ್ಪುತ್ತೇನೆ. ಅಂಥವರಲ್ಲಿ ಕೆಲವರು ಲೈವ್ ಮಾಡಲು ಬೇರೆ ಯಂತ್ರ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ಉಪಾಯ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಅಡಗಿದೆ. ಪ್ರೊಸೆಸರಿನ ಗರಿಷ್ಠ ಮಟ್ಟ ಅಂತ 100 ಪರ್ಸೆಂಟ್ ಇರುತ್ತದೆ. ಅದನ್ನು 99 ಮಾಡಿ. ಒಂದೇ ಪರ್ಸೆಂಟಿಗೆ ಏನಾಗುತ್ತದೆ ಅನ್ನಬೇಡಿ. ಅಷ್ಟಕ್ಕೇ ಟರ್ಬೊ ಬೂಸ್ಟ್ ಎಂಬ ಹೆಚ್ಚುವರಿ ಓಟ ಪೂರ್ತಿ ನಿಂತುಹೋಗುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ಪ್ರೊಸೆಸರ್ ಬಿಟ್ಟುಕೊಟ್ಟ ಆ ತಂಪು ಗ್ರಾಫಿಕ್ಸ್ ಚಿಪ್ಪಿಗೆ ಸಿಗುತ್ತದೆ. ಪ್ರೊಸೆಸರನ್ನೇ ಹೆಚ್ಚು ದುಡಿಸುವ ಆಟಗಳಿಗೆ ಇದು ಹೊಂದುವುದಿಲ್ಲ. ಮಾಡಿ ನೋಡಿ, ಬೇಡವಾದರೆ ಹಿಂದಕ್ಕೆ ತನ್ನಿ.

ಚಾರ್ಜರ್ ವಿಷಯ ಸಣ್ಣದು, ಆದರೆ ಹೇಳಬೇಕು. ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುವಾಗ ಗ್ರಾಫಿಕ್ಸ್ ಚಿಪ್ಪಿಗೆ ಪೂರ್ತಿ ವಿದ್ಯುತ್ ಕೊಡುವುದಿಲ್ಲ. 230 ವ್ಯಾಟಿನ ಚಾರ್ಜರ್ ಬೇಕಾದ ಯಂತ್ರಕ್ಕೆ 65 ವ್ಯಾಟಿನದ್ದನ್ನು ಸಿಕ್ಕಿಸಿದರೂ ಅದೇ ಕಥೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯುತ್ತದೆ, ವೈಫೈ ರೂಟರ್ ಸಾಯುತ್ತದೆ. 1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಸಿಟಿ ಮಾರ್ಕೆಟ್ ಬಳಿಯೇ ಬೀದಿದೀಪಗಳು ಬೆಳಗಿದವು. ನೂರಿಪ್ಪತ್ತು ವರ್ಷವಾದರೂ ಮಳೆಗಾಲದ ಸಂಜೆ ಕರೆಂಟು ಹೋಗುವುದು ನಿಂತಿಲ್ಲ. ರೂಟರಿಗೆಂದೇ ಅಂಗೈಯಗಲದ 12 ವೋಲ್ಟಿನ ಯುಪಿಎಸ್ ಸಿಗುತ್ತದೆ, ಅದೊಂದನ್ನು ಇಟ್ಟುಕೊಳ್ಳಿ.

ಈಗ ಪ್ಯಾಕಿಂಗ್, ಅಂದರೆ ಎನ್ಕೋಡಿಂಗ್. ಚಿತ್ರಗಳನ್ನು ಕುಗ್ಗಿಸುವ ಕೆಲಸವನ್ನು ಎರಡು ರೀತಿ ಮಾಡಿಸಬಹುದು. ಎಕ್ಸ್264 ಎಂಬುದನ್ನು ಆರಿಸಿದರೆ ಅದನ್ನು ಪ್ರೊಸೆಸರೇ ಮಾಡಬೇಕು. ಆಟವನ್ನೂ ನಡೆಸಬೇಕು, ಪ್ಯಾಕಿಂಗೂ ಮಾಡಬೇಕು. ಇನ್ನೊಂದು ರೀತಿಯಲ್ಲಿ ಅದೇ ಕೆಲಸಕ್ಕೆಂದು ಚಿಪ್ಪಿನಲ್ಲಿ ಕಟ್ಟಿರುವ ಬೇರೆ ಸರ್ಕ್ಯೂಟ್ ಇದೆ. ಇಂಟೆಲ್ 2011ರಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಅದನ್ನು ತಂದಿತು, ಎನ್ವಿಡಿಯಾ 2012ರಲ್ಲಿ ಎನ್ವೆಂಕ್ ಅಂತ ತಂದಿತು, ಎಎಂಡಿಯದೂ ಇದೆ. ಲ್ಯಾಪ್‌ಟಾಪ್‌ನಲ್ಲಿ ಲೈವ್ ಮಾಡುವವರು ಕಣ್ಣು ಮುಚ್ಚಿಕೊಂಡು ಈ ಎರಡನೆಯದನ್ನು ಆರಿಸಿ. ಮೊದಮೊದಲು ಇದರ ಚಿತ್ರ ಕಳಪೆ ಅಂತ ಹೆಸರಿತ್ತು. 2018ರ ನಂತರದ ಹೆಚ್ಚಿನ ಎನ್ವಿಡಿಯಾ ಚಿಪ್ಪುಗಳಲ್ಲಿ ಆ ಮಾತು ಹಳೆಯದಾಯಿತು. ಎಂಎಕ್ಸ್ ಎಂದು ಶುರುವಾಗುವ ಕೆಲವು ಅಗ್ಗದ ಎನ್ವಿಡಿಯಾ ಚಿಪ್ಪುಗಳಲ್ಲಿ ಎನ್ವೆಂಕ್ ಇರುವುದೇ ಇಲ್ಲ. ಆಗ ಇಂಟೆಲಿನದನ್ನು ಹಿಡಿಯಿರಿ. ಎರಡೂ ಇಲ್ಲದ ಹಳೆಯ ಯಂತ್ರವಾದರೆ ಎಕ್ಸ್264ರಲ್ಲೇ ವೆರಿಫಾಸ್ಟ್ ಇದ್ದದ್ದನ್ನು ಸೂಪರ್‌ಫಾಸ್ಟ್ ಮಾಡಿ.

ಚಿತ್ರದ ಅಳತೆಯನ್ನೂ ಇಳಿಸಿ. 1080ರ ಒಂದು ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ, 720ರಲ್ಲಿ 9 ಲಕ್ಷದ ಆಸುಪಾಸು. ಎರಡೂಕಾಲು ಪಟ್ಟು ವ್ಯತ್ಯಾಸ. ನಿಮ್ಮನ್ನು ನೋಡುವವರಲ್ಲಿ ಬಹಳ ಜನ ಬಸ್ಸಿನಲ್ಲಿ, ಮೆಟ್ರೊದಲ್ಲಿ ಅಂಗೈಯ ಫೋನಿನಲ್ಲಿ ನೋಡುತ್ತಾರೆ. ಆ ಪರದೆಯಲ್ಲಿ 720ಕ್ಕೂ 1080ಕ್ಕೂ ವ್ಯತ್ಯಾಸ ಹುಡುಕಬೇಕು. ಎಡವಿದರೆ ಮಾತ್ರ ತಕ್ಷಣ ಕಾಣುತ್ತದೆ.

ಈ ಮಾತು ಬಾನುಲಿಯಲ್ಲಿ ಹಳೆಯದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ವೀಣೆಯ ನಾದದ ಸೂಕ್ಷ್ಮಗಳೆಲ್ಲ ದಾಟಿ ಬರುವುದಿಲ್ಲ, ಆದರೂ ಜನ ರಾತ್ರಿ ಕೂತು ಸಂಗೀತ ಸಮ್ಮೇಳನ ಕೇಳಿದರು. ಅದೇ ಜನ ಅರ್ಧ ನಿಮಿಷ ಸದ್ದು ನಿಂತರೆ ರೇಡಿಯೊದ ತಲೆಗೆ ಕುಟ್ಟುತ್ತಿದ್ದರು. ಕೇಳುಗನಾಗಲಿ ನೋಡುಗನಾಗಲಿ ಮಸುಕನ್ನು ಕ್ಷಮಿಸುತ್ತಾನೆ, ಕಡಿತವನ್ನು ಕ್ಷಮಿಸುವುದಿಲ್ಲ. ಸೆಕೆಂಡಿಗೆ 60 ಇದ್ದು ಆಗಾಗ 22ಕ್ಕೆ ಬೀಳುವ ಲೈವ್‌ಗಿಂತ ಒಂದೇ ಸಮ 30ರಲ್ಲಿ ಓಡುವ ಲೈವ್ ಮೇಲು. ಹುಡುಗರಿಗೆ ಈ ಮಾತು ರುಚಿಸುವುದಿಲ್ಲ. ಅಂಕಿ ದೊಡ್ಡದಿದ್ದರೆ ಅವರಿಗೆ ಅದೇ ಪ್ರತಿಷ್ಠೆ.

ಸರಕು ಜೋಡಿಸುವ ಮೊದಲನೆಯವನ ಕಥೆ, ಅಂದರೆ ರೆಂಡರಿಂಗ್ ಲ್ಯಾಗ್, ಬೇಗ ಮುಗಿಯುತ್ತದೆ. ಗ್ರಾಫಿಕ್ಸ್ ಚಿಪ್ಪನ್ನು ಆಟ ನೂರಕ್ಕೆ ನೂರು ಹಿಂಡಿಕೊಂಡರೆ ಓಬಿಎಸ್‌ಗೆ ತನ್ನ ಚಿತ್ರ ಜೋಡಿಸಲು ಪುರುಸೊತ್ತು ಸಿಗುವುದಿಲ್ಲ. ಆಟದ ನೆರಳು, ಹೊಗೆ, ನೀರಿನ ಹೊಳಪು ಇಳಿಸಿ. ಫ್ರೇಮ್ ಮಿತಿ ಹಾಕಿ. ಓಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ವಿಂಡೋಸ್ ಅದಕ್ಕೆ ಆದ್ಯತೆ ಕೊಡುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಎರಡಿರುತ್ತವೆ, ಒಂದು ಪ್ರೊಸೆಸರಿನೊಳಗಿನದು, ಇನ್ನೊಂದು ಬೇರೆ ಚಿಪ್ಪು. ಆಟ ಒಂದರಲ್ಲಿ, ಓಬಿಎಸ್ ಇನ್ನೊಂದರಲ್ಲಿ ಓಡಿದರೆ ಚಿತ್ರವನ್ನು ಅತ್ತಿಂದಿತ್ತ ಸಾಗಿಸುವುದರಲ್ಲೇ ಸಮಯ ಹೋಗುತ್ತದೆ, ಕೆಲವೊಮ್ಮೆ ಬರೀ ಕಪ್ಪು ಪರದೆ ಬರುತ್ತದೆ. ಆಟದ ಚಿತ್ರ ಹಿಡಿಯಲು ಓಬಿಎಸ್‌ನ ಗೇಮ್ ಕ್ಯಾಪ್ಚರ್ ಬಳಸುವವರು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ ಆಟಕ್ಕೂ ಓಬಿಎಸ್‌ಗೂ ಹೈ ಪರ್ಫಾರ್ಮೆನ್ಸ್ ಕೊಡಿ.

ಎಂಟು ಜಿಬಿ ರ್‍ಯಾಮಿನ, ಅಂದರೆ ಮೆಮೊರಿಯ, ಮಾತು ಬಾಕಿ ಇತ್ತಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದರೆ ಎರಡು ಸ್ಲಾಟಿನಲ್ಲಿ ಎಷ್ಟು ತುಂಬಿವೆ ಅಂತ ತೋರಿಸುತ್ತದೆ. ಒಂದೇ ತುಂಬಿದ್ದರೆ, ಅದರಲ್ಲೂ ಬೇರೆ ಗ್ರಾಫಿಕ್ಸ್ ಚಿಪ್ಪಿಲ್ಲದ ಲ್ಯಾಪ್‌ಟಾಪ್ ಆಗಿದ್ದರೆ, ಅಷ್ಟೇ ಜಿಬಿಯ, ಅದೇ ಬಗೆಯ ಇನ್ನೊಂದು ಕಡ್ಡಿ ಹಾಕಿಸಿ. ಮೆಮೊರಿ ಎರಡು ದಾರಿಯಲ್ಲಿ ಓಡತೊಡಗುತ್ತದೆ, ಆಟದ ಓಟ ಎದ್ದು ಕಾಣುವಷ್ಟು ಸುಧಾರಿಸುತ್ತದೆ. ಆಗ ಆ ಅಂಗಡಿಯಣ್ಣ ಹೇಳಿದ್ದು ಸರಿಯೇ. ಆದರೆ ಆಗಲೇ ಎರಡೂ ತುಂಬಿ 16 ಇದ್ದವರು 32 ಮಾಡಿಸಿಕೊಂಡು ಬಂದು ಲೈವ್‌ಗೆ ಕೂತರೆ ಹೆಚ್ಚಿನ ಆಟಗಳಲ್ಲಿ ಫ್ರೇಮು ಇದ್ದಲ್ಲೇ ಇರುತ್ತದೆ.

ಇನ್ನು ಗಲ್ಲಿ, ಅಂದರೆ ನೆಟ್‌ವರ್ಕ್. ಇಂಟರ್‌ನೆಟ್ ಕಂಪನಿಯವರು ಸಾರುವ ವೇಗ ಸಾಮಾನ್ಯವಾಗಿ ಒಳಗೆ ಬರುವುದರದು. ಲೈವ್‌ಗೆ ಬೇಕಾದದ್ದು ಹೊರಗೆ ಹೋಗುವ ವೇಗ. ಅದನ್ನು ಲೈವ್ ಮಾಡುವ ಹೊತ್ತಿನಲ್ಲೇ ಅಳೆಯಿರಿ. ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾದ ಪ್ರಮಾಣವನ್ನು, ಅದರ ಮುಕ್ಕಾಲಿಗಿಂತ ಮೇಲೆ ಇಡಬೇಡಿ. ಕೆಳಗಿನ ಅಂಗಡಿಯ ಸಿಸಿಟಿವಿ ಕ್ಯಾಮೆರಾಗಳು ಅದೇ ಲೈನಿನಿಂದ ರಾತ್ರಿಯೆಲ್ಲ ದೃಶ್ಯ ಮೇಲಕ್ಕೆ ಕಳಿಸುತ್ತಿರಬಹುದು; ಅಪ್ಪನನ್ನು ಕೇಳಿ ನೋಡಿ. ವೈಫೈ ಆದರೆ ಪೇಟೆಯಲ್ಲಿ ಇನ್ನೂ ಕಷ್ಟ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಗಲ್ಲಿಯಲ್ಲಿ ಅಂಗಡಿಗೊಂದು ರೂಟರ್. ಎಲ್ಲರೂ ಆ ಮೂರರಲ್ಲೇ ಕೂಗಾಡುತ್ತಿರುತ್ತಾರೆ. ರೂಟರ್ ಇರುವ ಕೋಣೆಯಲ್ಲೇ ಕೂರುವವರು 5 ಗಿಗಾಹರ್ಟ್ಸ್ ಬಳಸಿ. ಹಳೆಯ ಮನೆಗಳ ದಪ್ಪ ಗೋಡೆಯನ್ನು ಅದು ಚೆನ್ನಾಗಿ ದಾಟುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಮೀಟರ್ ಲೆಕ್ಕದಲ್ಲಿ ಸಿಗುವ ಲ್ಯಾನ್ ಕೇಬಲ್. ಮೆಟ್ಟಿಲ ಪಕ್ಕ ಎಳೆದುಬಿಡಿ. ಅಮ್ಮ ಬೈಯುತ್ತಾರೆ, ಆದರೆ ಸ್ಟ್ಯಾಟ್ಸ್‌ನ ನೆಟ್‌ವರ್ಕ್ ಸಾಲಿನ ಅಂಕಿ ಸೊನ್ನೆಗೆ ಬರಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಫೋನಿನ ಹಾಟ್‌ಸ್ಪಾಟ್‌ನಲ್ಲಿ ಲೈವ್ ಮಾಡುವವರಿಗೆ ಒಂದು ಲೆಕ್ಕ. 4000 ಕೆಬಿಪಿಎಸ್ ಬಿಟ್‌ರೇಟಿನಲ್ಲಿ ಮೂರು ಗಂಟೆಗೆ 5.4 ಜಿಬಿ ಹೋಗುತ್ತದೆ. ದಿನಕ್ಕೆ 2 ಜಿಬಿ ಪ್ಲಾನಿನವರಿಗೆ ಒಂದು ಗಂಟೆಯ ಮೇಲೆ ಕೆಲವೇ ನಿಮಿಷಕ್ಕೆ ಡೇಟಾ ಮುಗಿಯುತ್ತದೆ. ಆಮೇಲೆ ವೇಗ ಕುಸಿಯುತ್ತದೆ, ಫ್ರೇಮು ಉದುರುತ್ತವೆ, ಹುಡುಗ ಲ್ಯಾಪ್‌ಟಾಪ್‌ಗೆ ಶಾಪ ಹಾಕುತ್ತಾನೆ.

ಕಡೆಯದಾಗಿ ಮುಖ ತೋರಿಸುವ ಕ್ಯಾಮೆರಾ. ಕೆಲವು ಸಲ ಆಟ ಸರಾಗವಾಗಿ ಓಡುತ್ತಿದ್ದರೂ ಮೂಲೆಯಲ್ಲಿರುವ ಮುಖ ಮಾತ್ರ ತಡವರಿಸುತ್ತದೆ. ನೋಡುವವರು ಅದನ್ನೂ ಲ್ಯಾಗ್ ಅಂತಲೇ ಬರೆಯುತ್ತಾರೆ. ಮೇಲೆ ಹೇಳಿದ ಯಾವ ಮದ್ದೂ ಇದಕ್ಕೆ ತಾಗುವುದಿಲ್ಲ, ಏಕೆಂದರೆ ರೋಗ ಕೋಣೆಯ ಕತ್ತಲೆಯದು. ಬೆಳಕು ಸಾಲದಾಗ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ, ಹಾಗಾಗಿ ಸೆಕೆಂಡಿಗೆ 30 ಕೊಡಬೇಕಾದದ್ದು 15ಕ್ಕೆ ಇಳಿಯುತ್ತದೆ. ಬಣ್ಣಬಣ್ಣದ ಎಲ್‌ಇಡಿ ಪಟ್ಟಿ ಹಚ್ಚಿ ಉಳಿದದ್ದೆಲ್ಲ ಆರಿಸಿ ಕೂರುವವರಿಗೆ ಇದು ಹೆಚ್ಚು. ಎದುರುಗಡೆ ಒಂದು ಟ್ಯೂಬ್‌ಲೈಟ್ ಹಾಕಿ. ಹಾಕಿದ ಮೇಲೆ ಮುಖದ ಮೇಲೆ ಅಡ್ಡ ಪಟ್ಟಿಗಳು ಹರಿದಾಡಿದರೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪವರ್ ಲೈನ್ ಫ್ರೀಕ್ವೆನ್ಸಿ ಅಂತ ಒಂದಿರುತ್ತದೆ. ಅಮೆರಿಕದ ಕರೆಂಟಿಗೆ ಹೊಂದಿಸಿದ 60 ಇದ್ದರೆ ಅಲ್ಲಿ, ಅದನ್ನು 50 ಮಾಡಿ.